ಅಜ್ಜಿ ಹೀರೆಯೂ ಆರು ಗಂಟೆಯ ಅತಿಥಿಗಳೂ

ಯಲಹಂಕದ ನಮ್ಮ ಬಾಡಿಗೆ ಮನೆಯಿಂದ ತಾರಸಿಗೆ ಹೋಗೋಕೆ ಹದಿನೆಂಟು ಮೆಟ್ಟಿಲು. ಹತ್ತಿದ ಕೂಡಲೇ ಎಡಕ್ಕೆ ಓನರ್ ಅಂಕಲ್‌ರ ಸೋಲಾರ್ ಹೀಟರ್, ಬಲಕ್ಕೆ ಎರಡು ನೀರಿನ ಟ್ಯಾಂಕ್, ಮಧ್ಯೆ ಬಟ್ಟೆ ಒಣಗಿಸುವ ತಂತಿ. ಟ್ಯಾಂಕಿನ ಹಿಂದೆ ಉಳಿದಿರುವ ಹತ್ತಡಿ ಉದ್ದ, ಎಂಟಡಿ ಅಗಲದ ಜಾಗವೇ ನನ್ನ ತೋಟ. ಸ್ನೇಹಿತರಿಗೆ ಹೇಳುವಾಗ 'ಟೆರೇಸ್ ಗಾರ್ಡನ್' ಅಂತೀನಿ. ಅಮ್ಮನಿಗೆ ಹೇಳುವಾಗ ಮಾತ್ರ 'ನಾಲ್ಕು ಕುಂಡ' ಅಂತೀನಿ. ಅವಳ ಹಿತ್ತಲು ನೋಡಿದವರಿಗೆ ಇದನ್ನು ತೋಟ ಅನ್ನೋಕೆ ನಾಚಿಕೆ ಆಗುತ್ತೆ.

ಅಮ್ಮ ಇರೋದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವಳು ಪೇಪರ್ ಪೊಟ್ಟಣದಲ್ಲಿ ಆರು ಕರಿ ಬೀಜ ಕಟ್ಟಿಕೊಟ್ಟಳು. "ಅಜ್ಜಿ ಹೀರೆ. ಹಾಳು ಮಾಡ್ಬೇಡ" ಅಂದಳು. ಅಂಗಡಿಯಲ್ಲಿ ಸಿಗೋ ಉದ್ದನೆ ಹೀರೆಯ ಹಾಗಲ್ಲ ಇದು. ಗಿಡ್ಡ, ದಪ್ಪ, ಏಣು ಅಷ್ಟು ಚೂಪಿಲ್ಲ. ಅಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ತಂದ ಬೀಜ ಅಂತ ಮನೆಯಲ್ಲಿ ಹೇಳ್ತಾರೆ. ಇದರ ಸಿಪ್ಪೆ ಚಟ್ನಿ ಇದ್ದರೆ ಅಪ್ಪನಿಗೆ ಸಾರು, ಪಲ್ಯ ಯಾವುದೂ ಬೇಕಾಗ್ತಿರಲಿಲ್ಲ.

ಜೂನ್ ಎರಡನೇ ವಾರ ಹದಿನೈದು ಇಂಚಿನ ಗ್ರೋ ಬ್ಯಾಗ್‌ಗಳಿಗೆ ಕೆಂಪು ಮಣ್ಣು, ಎರೆಗೊಬ್ಬರ, ಕೊಕೊಪೀಟ್ ತುಂಬಿ ಆರೂ ಬೀಜ ಹಾಕಿದೆ. ಒಂದೆರಡು ಎತ್ತಿಡ್ಬೇಕು ಅಂತ ಹೊಳೆಯಲೇ ಇಲ್ಲ. ದಿನಾ ಆಫೀಸಿನಲ್ಲಿ "ಬ್ಯಾಕಪ್ ತಗೊಂಡ್ರಾ?" ಅಂತ ಜೂನಿಯರ್‌ಗಳನ್ನ ಕೇಳೋನು ನಾನು! ಪಕ್ಕದ ಬ್ಯಾಗಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ 'ಅರ್ಕಾ ಸುಮೀತ್' ಹೀರೆ ಹಾಕಿದೆ. ಇನ್ನೊಂದಕ್ಕೆ ಹಾಗಲ, ಮೂಲೆಗೆ ಎರಡು ಬದನೆ, ಒಂದಿಷ್ಟು ಮೆಣಸು.

ಆರರಲ್ಲಿ ನಾಲ್ಕು ಮೊಳೆತವು. ಎರಡು ದಪ್ಪ ಬೀಜದೆಲೆ ಬಿಚ್ಚಿಕೊಂಡು ನಿಂತ ಸಸಿಗಳ ಫೋಟೊ ಸ್ಟೇಟಸ್‌ಗೂ ಹಾಕಿದೆ. ಮೂರನೇ ದಿನ ಬೆಳಗ್ಗೆ ನೋಡಿದರೆ ಎರಡು ಸಸಿಯ ಎಲೆ ಜರಡಿ. ಮೇಲೆ ಕಿತ್ತಳೆ ಬಣ್ಣದ, ಅಕ್ಕಿಕಾಳಿನಷ್ಟು ಉದ್ದದ ಹೊಳೆಯುವ ದುಂಬಿಗಳು. ಕುಂಬಳದ ಕೆಂಪು ದುಂಬಿ ಅಂತಾರೆ. ಸೌತೆ, ಕುಂಬಳ, ಹೀರೆ, ಈ ಕುಟುಂಬದ ಎಳೆ ಸಸಿ ಅಂದ್ರೆ ಅದಕ್ಕೆ ಪ್ರಾಣ. ದೊಡ್ಡವು ಎಲೆ ತಿಂದರೆ ಮರಿಗಳು ಮಣ್ಣೊಳಗಿದ್ದು ಬೇರು ತಿನ್ನುತ್ತವೆ. ಆ ಎರಡು ಸಸಿ ಹೋದವು. ಉಳಿದದ್ದು ಎರಡು.

ಸಿಟ್ಟು ನೆತ್ತಿಗೇರಿತು. ಗಿಡದಂಗಡಿಗೆ ಹೋಗಿ "ಹುಳಕ್ಕೆ ಏನಾದ್ರೂ ಕೊಡಿ" ಅಂದೆ. ಯಾವ ಹುಳ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಬಾಟಲಿ ಕೊಟ್ಟರು. ಸಂಜೆ ಆರೂವರೆಗೆ ಕೊನೇ ಮೀಟಿಂಗ್ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ, ಸ್ಪ್ರೇ ಪಂಪ್ ಹಿಡಿದು ಮೇಲೆ ಹೋಗೋದು ಅಭ್ಯಾಸ ಆಯ್ತು. ವಾರಕ್ಕೆ ಎರಡು ಸಲ, ಕೆಲವೊಮ್ಮೆ ಮೂರು. ಏನು ಕಂಡರೂ ಹೊಡೆಯೋದು. ಬದನೆ ಎಲೆಯ ಅಡಿಯಲ್ಲಿ ಪುಟ್ಟ ಮೊಸಳೆ ಹಾಗಿರುವ, ಕಪ್ಪು ಮೈಮೇಲೆ ಹಳದಿ ಚುಕ್ಕೆಯ ಹುಳಗಳು ಓಡಾಡ್ತಿದ್ದವು. ನೋಡೋಕೇ ಭಯ ಆಗೋ ಹಾಗಿದ್ದವು. ಒಂದೊಂದನ್ನೇ ಹುಡುಕಿ ಹೊಡೆದೆ. ಮುಂದಿನ ವಾರ ಬದನೆ, ಮೆಣಸಿನ ಕುಡಿ ತುಂಬಾ ಗಿಡಹೇನು ಮೆತ್ತಿಕೊಂಡಿತು.

ಜುಲೈ ಕೊನೆಗೆ ಹೀರೆ ಬಳ್ಳಿ ಬಿದಿರಿನ ಚಪ್ಪರ ತುಂಬಿತು. ಹಳದಿ ಹೂವೋ ಹೂವು. ಆದರೆ ಬೆಳಗ್ಗೆ ಹೋದರೆ ಎಲ್ಲ ಕೆಳಗೆ. ಒಂದೂ ಕಾಯಿ ಕಚ್ಚಲಿಲ್ಲ. ಅಂಗೈ ತುಂಬಾ ಬಾಡಿದ ಹೂ ಗುಡಿಸಿ ಹಾಕೋದೇ ಕೆಲಸ.

ಆಗಸ್ಟ್ ಮೊದಲ ವಾರ ಅಮ್ಮನ ಫೋನ್ ಬಂತು. ಊರಲ್ಲಿ ಹತ್ತು ದಿನದಿಂದ ಮಳೆ ಬಿಟ್ಟಿಲ್ಲವಂತೆ. ಹಿತ್ತಲಿನ ಏರಿಯಲ್ಲಿ ನೀರು ನಿಂತು ಹೀರೆ, ಸೌತೆ ಎರಡರ ಬುಡವೂ ಕೊಳೆತಿದೆಯಂತೆ. "ಮತ್ತೆ ಬಿತ್ತು ಅಮ್ಮ" ಅಂದೆ, ಇದೇನು ದೊಡ್ಡ ವಿಷಯ ಅನ್ನೋ ಹಾಗೆ.

"ಬೀಜ ಎಲ್ಲಿದೆ ಮಾರಾಯ?" ಅಂದಳು. ಬೀಜದ ಕಾಯಿಗೆ ಬೂಷ್ಟು ಹಿಡಿದಿತ್ತಂತೆ. ಒಡೆದು ನೋಡಿದರೆ ಒಳಗೆಲ್ಲ ಬಿಳಿ ಪುಡಿ.

ನಮ್ಮನೆಯಲ್ಲಿ ಬೀಜಕ್ಕೆ ಬಿಟ್ಟ ಹೀರೆಕಾಯಿಯನ್ನ ಅಡುಗೆಮನೆಯ ಒಲೆ ಮೇಲೆ ನೇತುಹಾಕೋದು ರೂಢಿ. ಸೌದೆ ಒಲೆಯ ಹೊಗೆ, ಬಿಸಿ ತಾಗಿ ಮಳೆಗಾಲದಲ್ಲೂ ಅದು ಗರಿಗರಿ ಇರ್ತಿತ್ತು. ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಸೌದೆ ಒಲೆ ಹಚ್ಚೋದು ಬಿಟ್ಟಿದ್ದಾಳೆ. ಒಬ್ಬಳಿಗೆ ಅಷ್ಟು ದೊಡ್ಡ ಒಲೆ ಯಾಕೆ ಅಂತ ಗ್ಯಾಸ್ ಮೇಲೇ ಎಲ್ಲ. ಕಾಯಿ ಮಾತ್ರ ಅದೇ ಮೊಳೆಗೆ ನೇತಾಡ್ತಿತ್ತು, ಕೆಳಗೆ ಬೆಂಕಿ ಇರಲಿಲ್ಲ.

"ನಿಂದು ಹೆಂಗಿದೆ? ಕಾಯಿ ಬಿಟ್ಟಿದೆಯಾ?"

ಏನು ಹೇಳ್ಲಿ? ಅಜ್ಜಿ ಹೀರೆ ಅಂತ ಉಳಿದಿರೋದೇ ಯಲಹಂಕದ ತಾರಸಿಯ ಎರಡು ಬಳ್ಳಿ. ಅದನ್ನ ನೋಡ್ಕೊಳ್ತಿರೋನು ನಾನು. ವಿಡಿಯೊ ಕಾಲ್ ಮಾಡಿ ತೋರಿಸಿದೆ. ಸಂಜೆ ಆರು ಗಂಟೆ. ಹೂ ಆಗಷ್ಟೇ ಅರಳಿತ್ತು. ಪಕ್ಕದಲ್ಲೇ ಸ್ಪ್ರೇ ಪಂಪ್ ಇತ್ತು.

"ಅದೆಂತದು?"

"ಔಷಧಿ. ಹುಳಕ್ಕೆ."

"ಯಾವಾಗ ಹೊಡೀತಿ?"

"ಈಗಲೇ, ಸಂಜೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ಹೀರೆ ಹೂ ಅರಳೋದೇ ಸಂಜೆ ಮಾರಾಯ. ನೆಂಟರು ಬರೋ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತು ವಿಷ ಹೊಡೀತಿದೀಯ. ಯಾರು ಬರ್ತಾರೆ ಅಂತ ಒಂದಿನನಾದ್ರೂ ಕೂತು ನೋಡಿದ್ಯಾ?"

ನೋಡಿರಲಿಲ್ಲ. ಅವತ್ತು ರಾತ್ರಿ ಬಾಟಲಿ ಮೇಲಿನ ಸಣ್ಣ ಅಕ್ಷರ ಓದಿದೆ. ಜೇನು ಓಡಾಡುವ ಹೊತ್ತಲ್ಲಿ ಸಿಂಪಡಿಸಬಾರದು ಅಂತ ಅದರ ಮೇಲೇ ಇತ್ತು.

ಮಾರನೇ ದಿನದಿಂದ ಮೂರು ಸಂಜೆ ಆಫೀಸ್ ಕ್ಯಾಲೆಂಡರಿನಲ್ಲಿ ಐದೂವರೆಯಿಂದ ಏಳೂವರೆ ಬ್ಲಾಕ್ ಮಾಡಿದೆ. ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಚಪ್ಪರದ ಮುಂದೆ ಕೂತೆ. ಎಂಜಿನಿಯರ್ ಬುದ್ಧಿ, ಫೋನಿನಲ್ಲಿ ಒಂದು ಶೀಟ್ ತೆರೆದು ಯಾರು ಬಂದರು, ಎಷ್ಟು ಹೊತ್ತಿಗೆ, ಯಾವ ಹೂವಿಗೆ ಅಂತ ಬರೆದುಕೊಂಡೆ.

ಮೊದಲು ಗೊತ್ತಾಗಿದ್ದು, ನಾನು ಅಳುತ್ತಿದ್ದ ಹೂಗಳಲ್ಲಿ ಹೆಚ್ಚಿನವು ಗಂಡು ಹೂ ಅಂತ. ಹೀರೆಯಲ್ಲಿ ಗಂಡು ಹೂಗಳು ಗೊಂಚಲಾಗಿ, ಮೊದಲೇ ಬರುತ್ತವೆ. ಒಂದು ಸಂಜೆ ಅರಳಿ ಉದುರೋದು ಅವುಗಳ ಸಹಜ ಗುಣ. ಹೆಣ್ಣು ಹೂ ಒಂಟಿಯಾಗಿ ಬರುತ್ತೆ, ಅದರ ಕೆಳಗೆ ಬೆರಳಿನ ತುದಿಯಷ್ಟು ಪುಟ್ಟ ಕಾಯಿ ಇರುತ್ತೆ. ಪರಾಗ ಸಿಗದೇ ಹೋದರೆ ಆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತೆ. ಗುಡಿಸಿ ಹಾಕಿದ ರಾಶಿಯಲ್ಲಿ ಅಂಥವೂ ಇದ್ದವು, ನಾನು ಗಮನಿಸಿರಲಿಲ್ಲ.

ಎರಡನೆಯದು, ಬಂದು ಹೋಗುವವರ ಪಟ್ಟಿ. ಮೊದಲ ಸಂಜೆ ಇರುವೆ ಬಿಟ್ಟರೆ ಯಾರೂ ಇಲ್ಲ. ಎರಡನೇ ಸಂಜೆ ಬೆಳಕು ಇರುವಾಗಲೇ ಎರಡು ತುಡುವೆ ಜೇನು ಬಂದವು. ಮೂರನೇ ಸಂಜೆ ಗುಂಯ್ ಅಂತ ಹೆಲಿಕಾಪ್ಟರ್ ಹಾಗೆ ಒಂದು ಕರಿ ದುಂಬಿ ಬಂತು. ಒಣ ಮರ, ಬಿದಿರು ಕೊರೆದು ಗೂಡು ಮಾಡುತ್ತಲ್ಲ, ಅದೇ. ಅದು ಕೂತ ಭಾರಕ್ಕೆ ಹೂವೇ ಬಗ್ಗಿತು. ಮೇಲೆದ್ದಾಗ ಬೆನ್ನು ತುಂಬಾ ಹಳದಿ ಪುಡಿ. ಏಳು ಗಂಟೆ ದಾಟಿ ಕತ್ತಲಾದ ಮೇಲೆ ಒಂದು ದೊಡ್ಡ ಪತಂಗ ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದ ನಾಲಿಗೆ ಚಾಚಿ ಮಕರಂದ ಹೀರಿ ಹೋಯ್ತು. ಬೀದಿ ದೀಪದ ಬೆಳಕಿನಲ್ಲಿ ಇದೆಲ್ಲ ನಡೀತಿದೆ. ಕೆಳಗೆ ರಸ್ತೆಯಲ್ಲಿ ಪಾನಿಪುರಿ ಗಾಡಿ, ಡೆಲಿವರಿ ಹುಡುಗರ ಹಾರ್ನ್. ಎರಡು ವರ್ಷದಿಂದ ಅದೇ ತಾರಸಿಯಲ್ಲಿ ಬಟ್ಟೆ ಒಣಗಿಸ್ತಿದೀನಿ, ಇವರನ್ನು ನೋಡಿಯೇ ಇರಲಿಲ್ಲ.

ಆ ಮೊಸಳೆ ಮುಖದ ಹುಳಗಳು ಯಾವುವು ಅಂತಲೂ ಹುಡುಕಿದೆ. ಗುಲಗಂಜಿ ಹುಳುವಿನ ಮರಿಗಳಂತೆ! ಗಿಡಹೇನು ತಿಂದೇ ಬದುಕೋವು. ಕಾವಲಿಗೆ ಬಂದವರನ್ನೇ ಕಳ್ಳರು ಅಂತ ಹೊಡೆದಿದ್ದೆ. ಹಾಗಂತ ಚುಕ್ಕೆ ಇರುವುದೆಲ್ಲ ಸ್ನೇಹಿತರಲ್ಲ. ಮಾಸಲು ಬಣ್ಣದ, ಮೈತುಂಬಾ ಇಪ್ಪತ್ತೆಂಟು ಚುಕ್ಕೆ ಇರುವ ಒಂದು ಜಾತಿ ಬದನೆ, ಹಾಗಲದ ಎಲೆಯನ್ನೇ ಕೆರೆದು ಬಲೆ ಮಾಡುತ್ತೆ. ಅದರ ಮರಿಯ ಮೈಮೇಲೆ ಮುಳ್ಳುಮುಳ್ಳಾಗಿರುತ್ತೆ. ಎಲೆಯ ಮೇಲೆ ಯಾರಿದ್ದಾರೆ ಅನ್ನೋದಕ್ಕಿಂತ ಏನು ತಿಂತಿದ್ದಾರೆ ಅಂತ ನೋಡಿದರೆ ಬೇಗ ಗೊತ್ತಾಗುತ್ತೆ.

ಬಾಟಲಿ ಮೂಲೆ ಸೇರಿತು. ಬೆಳಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ಹೋದರೆ ಕೆಂಪು ದುಂಬಿಗಳು ಚಳಿಗೆ ಮಂಕಾಗಿ ಕೂತಿರುತ್ತವೆ. ಸೋಪಿನ ನೀರಿನ ಡಬ್ಬಿಗೆ ಕೆಡವೋದು ಸುಲಭ. ಬಿಸಿಲೇರಿದರೆ ಕೈಗೆ ಸಿಗಲ್ಲ. ಊರಲ್ಲಾದರೆ ಎಲೆ ಮೇಲೆ ಒಲೆ ಬೂದಿ ಉದುರಿಸ್ತಾರೆ. ಬೆಂಗಳೂರಲ್ಲಿ ಬೂದಿ ಹುಡುಕಿ ನಮ್ಮ ರಸ್ತೆಯ ಇಸ್ತ್ರಿ ಅಂಗಡಿಗೆ ಹೋದೆ. ಇದ್ದಿಲಿನ ಬೂದಿ ಒಂದು ಚೀಲ ಫ್ರೀ ಕೊಟ್ಟರು. ಗಿಡಹೇನಿಗೆ ಬರೀ ನೀರಿನ ರಭಸ ಸಾಕಾಯ್ತು. ಹದಿನೈದು ದಿನಕ್ಕೆ ಗುಲಗಂಜಿ ಹುಳುಗಳು ತಾವಾಗೇ ವಾಪಸ್ ಬಂದವು.

ಮೊದಲ ಕಾಯಿ ಕಚ್ಚಿದಾಗ ಹೆಂಡತಿಯನ್ನ ಕೂಗಿ ತೋರಿಸಿದೆ. ನಾಲ್ಕು ದಿನಕ್ಕೆ ಆ ಕಾಯಿ ಸೊಟ್ಟಗಾಯಿತು. ಮೇಲೆ ಸಣ್ಣ ತೂತು, ಅದರಲ್ಲಿ ಅಂಟಿನ ಹನಿ. ಕೊಯ್ದು ನೋಡಿದರೆ ಒಳಗೆ ಬಿಳಿ ಹುಳ. ಹಣ್ಣು ನೊಣದ ಕೆಲಸ. ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತೆ, ಮರಿಗಳು ಒಳಗೇ ತಿಂದು ಬೆಳೆದು, ಕೆಳಗೆ ಬಿದ್ದು ಮಣ್ಣು ಸೇರಿ ಕೋಶ ಕಟ್ಟುತ್ತವೆ. ಹಾಗಲಕಾಯಿಯಲ್ಲೂ ಇದೇ ಕಥೆ ಆಗಿತ್ತು. ಆಗ ಹುಳ ಬಿದ್ದ ಕಾಯಿಗಳನ್ನ ಕಾಂಪೋಸ್ಟ್ ಡಬ್ಬಕ್ಕೆ ಹಾಕಿದ್ದೆ. ಅಂದ್ರೆ ನೊಣದ ಮರಿಗಳಿಗೆ ನಾನೇ ಪಿಜಿ ನಡೆಸ್ತಿದ್ದೆ! ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬಗ್ ಅನ್ನು ನಾನೇ ಪ್ರೊಡಕ್ಷನ್‌ಗೆ ಕಳಿಸಿದ್ದೆ. ಆಮೇಲಿಂದ ಹುಳ ಬಿದ್ದ ಕಾಯಿಯನ್ನ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡ್ತೀನಿ. ಗಂಡು ನೊಣಗಳನ್ನು ವಾಸನೆಯಿಂದ ಸೆಳೆಯುವ ಕ್ಯೂ ಲ್ಯೂರ್ ಬಲೆ ಒಂದು ತಂದು ನೇತುಹಾಕಿದೆ. ಅದಕ್ಕೆ ಬೀಳೋದು ಗಂಡು ನೊಣ ಮಾತ್ರ. ಚುಚ್ಚೋದು ಹೆಣ್ಣು. ಹಾಗಾಗಿ ಕಾಯಿಗೆ ಬಟ್ಟೆ ಚೀಲ ಕಟ್ಟಲೇಬೇಕು.

ಬೀಜದ ಕಾಯಿಗೆ ಇನ್ನೊಂದು ಸಮಸ್ಯೆ ಇತ್ತು. ಪಕ್ಕದಲ್ಲೇ ಅರ್ಕಾ ಸುಮೀತ್ ಬಳ್ಳಿಯೂ ಹೂ ಬಿಟ್ಟಿದೆ. ಯಾವ ಹೂ ಯಾವ ಮನೆಯದು ಅಂತ ಜೇನು ನೋಡಲ್ಲ. ಅದರ ಪರಾಗ ಇದಕ್ಕೆ ಬಿದ್ದರೆ ಕಾಯಿ ಹಾಗೇ ಇರುತ್ತೆ, ಆದರೆ ಅದರ ಬೀಜದಿಂದ ಮುಂದಿನ ವರ್ಷ ಬರೋದು ಅಜ್ಜಿ ಹೀರೆ ಅಲ್ಲ, ಬೆರಕೆ. ವಾರಗಟ್ಟಲೆ ಜೇನು ಬರಲಿ ಅಂತ ಕಾದವನು ಈಗ ಒಂದು ಹೂವಿನಿಂದ ಅವನ್ನು ದೂರ ಇಡಬೇಕು! ಮಧ್ಯಾಹ್ನವೇ, ಅವತ್ತು ಅರಳಲಿರುವ ಒಂದು ಹೆಣ್ಣು ಮೊಗ್ಗು, ಅದೇ ಜಾತಿಯ ಎರಡು ಗಂಡು ಮೊಗ್ಗು ಆರಿಸಿ ತೆಳು ಬಟ್ಟೆಯ ಚೀಲ ಹಾಕಿದೆ. ಸಂಜೆ ಆರೂಕಾಲಿಗೆ ಗಂಡು ಹೂ ಕಿತ್ತು, ದಳ ಬಿಡಿಸಿ, ಫೋನಿನ ಟಾರ್ಚ್ ಬೆಳಕಿನಲ್ಲಿ ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿದೆ. ಮತ್ತೆ ಚೀಲ ಕಟ್ಟಿ, ತೊಟ್ಟಿಗೆ ಕೆಂಪು ದಾರ. ಕೈ ನಡುಗ್ತಿತ್ತು. ಪ್ರೊಡಕ್ಷನ್ ಸರ್ವರ್ ಮುಟ್ಟುವಾಗಲೂ ಹಾಗೆ ನಡುಗಿದ್ದಿಲ್ಲ.

ಮೂರು ಹೂವಿಗೆ ಹಾಗೆ ಮಾಡಿದೆ. ಎರಡು ಉದುರಿದವು, ಒಂದು ನಿಂತಿತು. ಉಳಿದ ಹೂಗಳೆಲ್ಲ ದುಂಬಿ, ಪತಂಗಗಳಿಗೆ ಬಿಟ್ಟಿದ್ದೆ. ಅವು ಮಾಡಿಕೊಟ್ಟ ಕಾಯಿಗಳನ್ನು ವಾರಕ್ಕೆ ಎರಡು ಸಲ ಕೊಯ್ದೆವು. ಮೊದಲ ಕೊಯ್ಲಿನ ಸಿಪ್ಪೆ ಚಟ್ನಿ ಹೆಂಡತಿ ಮಾಡಿದಳು. ತಟ್ಟೆ ಮುಂದೆ ಕೂತು ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಅವಳೂ ಕೇಳಲಿಲ್ಲ.

ಕೆಂಪು ದಾರದ ಕಾಯಿಯನ್ನ ಕೀಳುವ ಹಾಗಿಲ್ಲ. ಬಳ್ಳಿಯಲ್ಲೇ ಬಲಿತು, ಹಳದಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ಒಣಗಬೇಕು. ಸೆಪ್ಟೆಂಬರ್ ತುಂಬಾ ಬೆಂಗಳೂರಲ್ಲಿ ಸಂಜೆ ಮಳೆ. ಮೀಟಿಂಗ್ ಮಧ್ಯೆ ಗುಡುಗು ಕೇಳಿದರೆ ಮ್ಯೂಟ್ ಮಾಡಿ ಮೇಲೆ ಓಡಿ, ಅದರ ಮೇಲೆ ಹಳೇ ಕೊಡೆ ಕಟ್ಟಿ ಬರ್ತಿದ್ದೆ. ಓನರ್ ಅಂಕಲ್ ಒಂದು ದಿನ ಬಂದು ಕೊಡೆ ನೋಡಿ, "ಏನ್ರೀ ಇದು, ಮಗು ಮಲಗಿಸಿದ್ದೀರಾ?" ಅಂತ ನಕ್ಕರು. ಅಕ್ಟೋಬರ್ ಮೊದಲ ವಾರ ಕಾಯಿ ಅಲ್ಲಾಡಿಸಿದರೆ ಗಲಗಲ ಅಂತ ಸದ್ದು. ಕತ್ತರಿಸಿಕೊಂಡೆ.

ಭೂಮಿ ಹುಣ್ಣಿಮೆಗೆ ಊರಿಗೆ ಹೊರಟೆ. ರಾತ್ರಿ ಮೆಜೆಸ್ಟಿಕ್‌ನಲ್ಲಿ ತಾಳಗುಪ್ಪ ರೈಲು ಹತ್ತಿ, ಲ್ಯಾಪ್‌ಟಾಪ್ ಬ್ಯಾಗನ್ನ ತಲೆದಿಂಬು ಮಾಡಿಕೊಂಡೆ. ಅದರೊಳಗೆ ಲ್ಯಾಪ್‌ಟಾಪ್ ಇರಲಿಲ್ಲ, ಟವೆಲ್ ಸುತ್ತಿದ ಒಣ ಹೀರೆಕಾಯಿ ಇತ್ತು. ಶಿವಮೊಗ್ಗ ದಾಟುವಾಗ ಎಚ್ಚರವಾಯ್ತು. ಆನಂದಪುರಂ ಹೊತ್ತಿಗೆ ಬೆಳಕು ಹರಿದು, ಗದ್ದೆಗಳ ಮೇಲೆ ಮಂಜು ಕೂತಿತ್ತು. ಭತ್ತ ಹೊಡೆ ತುಂಬಿ ನಿಂತಿತ್ತು. ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದು ಆಟೊ ಹತ್ತಿದೆ.

ಆಶ್ವೀಜ ಮಾಸದ ಈ ಹುಣ್ಣಿಮೆಗೆ ನಮ್ಮ ಕಡೆ ಭೂಮಿಗೆ ಸೀಮಂತ. ಬಸುರಿ ಭೂಮಿಗೆ ಬಯಕೆ ಊಟ ಅಂತ ನಂಬಿಕೆ. ಸಗಣಿ, ಕೆಮ್ಮಣ್ಣು ಬಳಿದ ಬುಟ್ಟಿ ಮೇಲೆ ಹೆಂಗಸರು ಬಿಳಿ ಚಿತ್ತಾರ ಬರೀತಾರೆ. ರಾತ್ರಿಯಿಡೀ ಅಡುಗೆ. ನಾನಾ ಬಗೆಯ ಸೊಪ್ಪು, ತರಕಾರಿ ಸೇರಿಸಿ ಬೇಯಿಸಿದ್ದನ್ನ ಬೆಳಗಿನ ಜಾವ ಗದ್ದೆಗೆ ಬೀರಿ ಬರ್ತಾರೆ. ಅಮ್ಮ ಎರಡು ವರ್ಷದ ಮೇಲೆ ಸೌದೆ ಒಲೆ ಹಚ್ಚಿದ್ದಳು. ಅಡುಗೆಮನೆ ತುಂಬಾ ಹೊಗೆ, ಕಣ್ಣುರಿ. ಎಷ್ಟು ಚೆನ್ನಾಗಿತ್ತು ಗೊತ್ತಾ?

ಪೂಜೆ ಮುಗಿದ ಮೇಲೆ ಕಾಗೆಗೆ ಎಡೆ ಇಟ್ಟು, ಗದ್ದೆ ಬದುವಿನಲ್ಲಿ ಇಲಿಗಳಿಗೂ ಅಂತ ಒಂದು ಪಾಲು ಇಟ್ಟಳು. ಚಿಕ್ಕವನಿದ್ದಾಗ ಇದನ್ನು ನೋಡಿ ನಗ್ತಿದ್ದೆ, ಭತ್ತ ತಿನ್ನೋ ಇಲಿಗೆ ಊಟ ಬೇರೆ ಹಾಕ್ತಾರಲ್ಲ ಅಂತ. ಈ ಸಲ ಕೇಳಿದೆ, "ಇಲಿಗ್ಯಾಕಮ್ಮ?"

"ಅದೂ ಇಲ್ಲೇ ಇರೋದಲ್ವಾ. ನಾವು ಕೊಟ್ರೂ ತಿಂತದೆ, ಬಿಟ್ರೂ ತಿಂತದೆ. ಎಲ್ಲಾ ತಿನ್ನದಿದ್ರೆ ಆಯ್ತು."

ಹಾಗಂತ ಅವಳೇನು ಸುಮ್ಮನೆ ಬಿಡೋಳಲ್ಲ. ಹಿತ್ತಲಿನ ಸೌತೆಗೆ ಬೂದಿ ಹಾಕ್ತಾಳೆ, ಕಂಬಳಿ ಹುಳ ಕಂಡರೆ ಚಪ್ಪಲಿಯಲ್ಲಿ ಒರೆಸ್ತಾಳೆ. ಆದರೆ ಹೊಡೆಯೋ ಮುಂಚೆ ಯಾರು ಅಂತ ನೋಡ್ತಾಳೆ. ನಲವತ್ತು ವರ್ಷದಿಂದ ಅದೇ ಹಿತ್ತಲು ನೋಡಿದ ಕಣ್ಣು.

ಮಧ್ಯಾಹ್ನ ಜಗಲಿಯಲ್ಲಿ ಮೊರ ಹಾಕಿಕೊಂಡು ಕೂತೆವು. ಕಾಯಿಯ ತುದಿಯ ಮುಚ್ಚಳ ಒತ್ತಿ ತೆಗೆದು ಬಗ್ಗಿಸಿದಳು. ಕರಿ ಬೀಜ ಸುರಿದವು. ಎಣಿಸಿದೆ, 71. ನೀರಿಗೆ ಹಾಕಿದಾಗ ತೇಲಿದ ಜೊಳ್ಳು ತೆಗೆದರೆ ಉಳಿದದ್ದು 58. ಅಮ್ಮ ಅವನ್ನ ಒರೆಸಿ ನೆರಳಿನಲ್ಲಿ ಹರಡಿದಳು. ಏನೂ ಹೇಳಲಿಲ್ಲ. ಒಂದು ಬೀಜ ಎತ್ತಿಕೊಂಡು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

ಒಣಗಿದ ಮೇಲೆ ಪಾಲು ಮಾಡಿದಳು. ಒಂದು ಪಾಲು ಪಕ್ಕದ ಮನೆಗೆ, ಒಂದು ಅವಳ ತಂಗಿಯ ಮನೆಗೆ, ಒಂದು ಬೂದಿ ಬೆರೆಸಿ ಗಾಜಿನ ಬಾಟಲಿಗೆ. "ಬೀಜ ಒಂದೇ ಮನೇಲಿ ಇರ್ಬಾರ್ದು. ಅದು ನನ್ನದೇ ತಪ್ಪು" ಅಂದಳು. ಕೊನೇ ಪೊಟ್ಟಣ ನನಗೆ. ಈ ಸಲ ಹನ್ನೆರಡು.

"ಎಲ್ಲಾ ಒಂದೇ ಸಲ ಹಾಕ್ಬೇಡ."

"ಆರು ಹಾಕ್ತೀನಿ, ಆರು ಇಡ್ತೀನಿ."

ವಾಪಸ್ ಬರುವ ರಾತ್ರಿ ಅಮ್ಮನನ್ನ ಬೆಂಗಳೂರಿಗೆ ಕರೆಯೋಣ ಅಂತ ಬಾಯಿಗೆ ಬಂದಿತ್ತು. ಪ್ರತೀ ಸಲ ಕರೀತೀನಿ, ಪ್ರತೀ ಸಲ ಇಲ್ಲ ಅಂತಾಳೆ. ಈ ಸಲ ಅವಳೇ ಕೇಳಿದಳು, ಬೇಸಿಗೆಯಲ್ಲಿ ನಿನ್ನ ತಾರಸಿಯಲ್ಲಿ ಬಿಸಿಲು ಎಷ್ಟು ಹೊತ್ತು ಬೀಳ್ತದೆ ಅಂತ. ಫೆಬ್ರವರಿಯಲ್ಲಿ ಒಂದು ತಿಂಗಳು ಬಂದು ಚಪ್ಪರ ಹಾಕಿಕೊಡ್ತೀನಿ, ನೀನು ಕಟ್ಟಿದ್ದು ಚಪ್ಪರ ಅಲ್ಲ, ಬಟ್ಟೆ ಸ್ಟ್ಯಾಂಡ್ ಅಂತ ಬೈದಳು. ಓನರ್ ಅಂಕಲ್‌ಗೆ ಈಗಲೇ ಹೇಳಿಟ್ಟಿದೀನಿ.

ನಿಮ್ಮ ಬಾಲ್ಕನಿಯಲ್ಲೋ ತಾರಸಿಯಲ್ಲೋ ಒಂದು ಹೀರೆ ಬಳ್ಳಿ ಇದ್ದರೆ, ಇವತ್ತು ಸಂಜೆ ಆರಕ್ಕೆ ಫೋನ್ ಕೆಳಗಿಟ್ಟು ಅರ್ಧ ಗಂಟೆ ಅದರ ಮುಂದೆ ಕೂತು ನೋಡಿ. ಮೊದಲ ದಿನ ಯಾರೂ ಬರದೇ ಇರಬಹುದು. ಮೂರನೇ ದಿನದ ತನಕ ಕಾಯಿರಿ.